ರಾಯಚೂರು ಬಿಸಿಲಿಗೆ ಕೆಲವು ಪುಸ್ತಕ, ಓದುವ ಕ್ರಮದ ಸಮೇತ

ಈಚೆಗೆ ಓದಿ ಖುಷಿ ಕೊಟ್ಟ ಪುಸ್ತಕಗಳನ್ನೆಲ್ಲ ಒಂದು ಕಡೆ ಜೋಡಿಸಿ ನೋಡಿದರೆ, ಒಂದರಲ್ಲೂ ಕನ್ನಡ ಒಂಟಿಯಾಗಿಲ್ಲ. ಒಂದರಲ್ಲಿ ಪಕ್ಕಕ್ಕೆ ಉರ್ದು ಕೂತಿದೆ, ಇನ್ನೊಂದರಲ್ಲಿ ತೆಲುಗು, ಮತ್ತೊಂದರಲ್ಲಿ ಪೋರ್ಚುಗೀಸ್. ಈ ಸೀಮೆಯ ಮಟ್ಟಿಗೆ ಇದೇನೂ ಆಶ್ಚರ್ಯವಲ್ಲ. ಬಳ್ಳಾರಿ 1953ರ ಅಕ್ಟೋಬರ್ 1ರಂದು ಮದ್ರಾಸು ಬಿಟ್ಟು ಮೈಸೂರಿಗೆ ಬಂತು. ರಾಯಚೂರು, ಕೊಪ್ಪಳ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದವು. ಆ ಕಡೆ ತೆಲುಗು, ಇಂಗ್ಲಿಷು. ಈ ಕಡೆ ಶಾಲೆಗೂ ಕಚೇರಿಗೂ ಉರ್ದು. ಕನ್ನಡ ಇದ್ದದ್ದು ಮನೆಯಲ್ಲಿ, ಹೊಲದಲ್ಲಿ, ಭಜನೆಯಲ್ಲಿ. ಹಾಗಾಗಿ ಇಲ್ಲಿನ ಪುಸ್ತಕಗಳನ್ನು ಮೈಸೂರು-ಧಾರವಾಡದ ಪುಸ್ತಕ ಓದಿದ ಹಾಗೆ ಓದಿದರೆ ಅರ್ಧಕ್ಕೇ ಕೈಬಿಡುತ್ತೇವೆ. ಎಲ್ಲಿ ಕೈಬಿಡುತ್ತೇವೆ, ಯಾಕೆ ಬಿಡುತ್ತೇವೆ ಅನ್ನುವುದನ್ನೂ ಸೇರಿಸಿಯೇ ಶಿಫಾರಸು ಮಾಡುತ್ತಿದ್ದೇನೆ.

ಮೊದಲಿಗೆ ಕಾದಂಬರಿಯಲ್ಲ, ಕಾದಂಬರಿಗಿಂತ ರುಚಿಯಾದ ಒಂದು ಕುದುರೆ ವ್ಯಾಪಾರಿಯ ಬರಹ. ಫೆರ್ನಾವ್ ನೂನಿಜ್ ಎಂಬ ಪೋರ್ಚುಗೀಸ ವಿಜಯನಗರದಲ್ಲಿ ಮೂರು ವರ್ಷದ ಹತ್ತಿರ ಇದ್ದು 1535ರ ಆಸುಪಾಸು ಬರೆದದ್ದು. ಅದರ ಪೋರ್ಚುಗೀಸ್ ಮೂಲವನ್ನು ಡೇವಿಡ್ ಲೋಪೆಸ್ 1897ರಲ್ಲಿ ಅಚ್ಚು ಹಾಕಿಸಿದರು. 1900ರಲ್ಲಿ ರಾಬರ್ಟ್ ಸಿವೆಲ್ ತಮ್ಮ 'ಎ ಫರ್ಗಾಟನ್ ಎಂಪೈರ್' ಪುಸ್ತಕದ ಕೊನೆಗೆ ಇದನ್ನೂ ಇನ್ನೊಬ್ಬ ಪೋರ್ಚುಗೀಸ ಡೊಮಿಂಗೊ ಪಾಯೆಸ್‌ನ ಬರಹವನ್ನೂ ಇಂಗ್ಲಿಷಿಗೆ ತಂದು ಸೇರಿಸಿದರು. ಹಕ್ಕು ಮುಗಿದ ಪುಸ್ತಕ, ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತದೆ.

ಇಲ್ಲಿ ಎಲ್ಲರೂ ಮಾಡುವ ತಪ್ಪೆಂದರೆ ಮೊದಲ ಪುಟದಿಂದ ಶುರು ಮಾಡುವುದು. ಮೊದಲ ಅಧ್ಯಾಯಗಳಲ್ಲಿ ಸಿವೆಲ್ ವಂಶಾವಳಿ ಕಟ್ಟುತ್ತಾ ಹೋಗುತ್ತಾರೆ. ಯಾರು ಯಾರ ಮಗ, ಯಾವ ಶಾಸನ ಯಾವುದಕ್ಕೆ ತಾಳೆಯಾಗುವುದಿಲ್ಲ ಎಂಬ ಲೆಕ್ಕ. ಅಲ್ಲಿ ನಿದ್ದೆ ಬರುವುದು ಓದುಗನ ತಪ್ಪಲ್ಲ. ಸೀದಾ ಪುಸ್ತಕದ ಕೊನೆಗೆ ಹೋಗಿ. ಮೊದಲು ಪಾಯೆಸ್ ಊರನ್ನು ವರ್ಣಿಸಿದ ಭಾಗ ಓದಿ, ಆಮೇಲೆ ನೂನಿಜ್ ಹೇಳುವ ರಾಯಚೂರು ಮುತ್ತಿಗೆ, ಕೃಷ್ಣದೇವರಾಯನಿಗೂ ಬಿಜಾಪುರದ ಆದಿಲ್‌ಶಾಹನಿಗೂ ನಡೆದ ಯುದ್ಧ. ಅದಾದ ಮೇಲೆ ಹಿಂದಕ್ಕೆ ಬಂದು ಸಿವೆಲ್ ಇದೇ ಯುದ್ಧಕ್ಕೆಂದು ಬರೆದ ಅಧ್ಯಾಯ ಓದಿ. ನೂನಿಜ್ ಕೊಟ್ಟ ವರ್ಷ 1522. ಸಿವೆಲ್ ಅದನ್ನು ಒಪ್ಪದೆ, ಅಮಾವಾಸ್ಯೆ ಮತ್ತು ಶನಿವಾರ ಎರಡೂ ಕೂಡುವ ದಿನ ಹುಡುಕಿ 1520ರ ಮೇ 19ಕ್ಕೆ ತಂದು ನಿಲ್ಲಿಸುತ್ತಾರೆ. ಪಂಚಾಂಗ ಇಟ್ಟುಕೊಂಡು ಪತ್ತೇದಾರಿ ಮಾಡಿದ ಹಾಗಿದೆ. ಮೇ 19 ಅಂದರೆ ರಾಯಚೂರಲ್ಲಿ ಯಾವ ಬಿಸಿಲು ಎಂದು ಇಲ್ಲಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಕಬ್ಬಿಣ ತೊಟ್ಟ ಕುದುರೆ ಸವಾರ ಆ ದಿನ ಕೃಷ್ಣೆಯ ದಂಡೆಯ ಕಡೆ ಯಾಕೆ ಅಷ್ಟು ಎಳೆಯುತ್ತಿದ್ದ ಎಂಬುದು ಓದುವಾಗ ತಾನೇ ಅರ್ಥವಾಗುತ್ತದೆ.

ನೂನಿಜ್‌ನ ಸೊಗಸು ಇರುವುದು ವ್ಯಾಪಾರಿಯ ಕಣ್ಣಲ್ಲಿ. ರಾಜನ ಗುಣಗಾನ ಒಂದೆರಡು ಸಾಲಿಗೆ ಮುಗಿಯುತ್ತದೆ, ಕುದುರೆಯ ಬೆಲೆ ಮಾತ್ರ ಮರೆಯುವುದಿಲ್ಲ. ಹಿಂದಿನ ನರಸಿಂಹರಾಯ ಸಾವಿರ ಪರ್ದಾವ್ (ಅಂದಿನ ಚಿನ್ನದ ನಾಣ್ಯ)‌ಗೆ ಮೂರರಂತೆ ಕುದುರೆ ಕೊಳ್ಳುತ್ತಿದ್ದನಂತೆ, ಬದುಕಿದ್ದರೂ ಸೈ, ಸತ್ತಿದ್ದರೂ ಸೈ. ಸಮುದ್ರದಲ್ಲಿ ಸತ್ತ ಕುದುರೆಯ ಬಾಲ ತಂದು ತೋರಿಸಿದರೂ ಪೂರ್ತಿ ದುಡ್ಡು. ಯಾಕೆಂದು ಯೋಚಿಸಿ: ದಾರಿಯಲ್ಲಿ ಸಾಯುವ ನಷ್ಟ ವ್ಯಾಪಾರಿಯ ಮೇಲೆ ಬಿದ್ದರೆ ಅವನು ಹಡಗನ್ನೇ ಕಳಿಸುವುದಿಲ್ಲ. ಆ ಬಾಲವೇ ಅಂದಿನ ವಿಮೆ ಪತ್ರ. ಕೃಷ್ಣದೇವರಾಯ ವರ್ಷಕ್ಕೆ 13,000 ಕುದುರೆ ಕೊಳ್ಳುತ್ತಿದ್ದ ಎನ್ನುತ್ತಾನೆ. ರಾಯಚೂರು ಯುದ್ಧಕ್ಕೆ ನೆಪ ಸಿಕ್ಕಿದ್ದೂ ಕುದುರೆಯಿಂದಲೇ. ಕುದುರೆ ತರಲು 40,000 ಪರ್ದಾವ್ ಕೊಟ್ಟು ಗೋವೆಗೆ ಕಳಿಸಿದ ದಳ್ಳಾಳಿ ದುಡ್ಡಿನ ಸಮೇತ ಆದಿಲ್‌ಶಾಹನ ಆಶ್ರಯ ಸೇರಿದ.

ಎರಡು ಎಚ್ಚರಿಕೆ. ಒಂದು, ಅವನ ಅಂಕಿಗಳು. ದಂಡು 7,03,000 ಕಾಲಾಳು, 32,600 ಕುದುರೆ, 551 ಆನೆ ಎಂದು ಚಿಲ್ಲರೆ ಸಮೇತ ಬರೆಯುತ್ತಾನೆ. ಚಿಲ್ಲರೆ ಇದ್ದಷ್ಟಕ್ಕೇ ಲೆಕ್ಕ ನಿಜ ಎಂದುಕೊಳ್ಳಬೇಡಿ, ಯುದ್ಧ ಮುಗಿದು ಹದಿನೈದು ವರ್ಷದ ಮೇಲೆ ಬರೆದದ್ದು. ಎರಡು, ಹೆಸರುಗಳು. ವಿಜಯನಗರ 'ಬಿಸ್ನಗ' ಆಗಿದೆ, ರಾಯಚೂರು 'ರಾಚೋಲ್'. ಅಂತರ್ಜಾಲದಲ್ಲಿ ರಾಚೋಲ್ ಎಂದು ಹುಡುಕಿದರೆ ಗೋವೆಯಲ್ಲಿರುವ ರಾಚೋಲ್ ಕೋಟೆ ಬರುತ್ತದೆ, ಅದು ಬೇರೆ. ಪುಸ್ತಕದ ರಟ್ಟಿನ ಒಳಬದಿಗೆ ಪೆನ್ಸಿಲಿನಲ್ಲಿ ಹತ್ತು-ಹನ್ನೆರಡು ಹೆಸರಿನ ಪಟ್ಟಿ ಮಾಡಿಕೊಂಡರೆ ಓದು ಸಲೀಸು.

ಇದಕ್ಕೆ ಜೋಡಿಯಾಗಿ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಬರೆದ 'ಪವರ್, ಮೆಮೊರಿ, ಆರ್ಕಿಟೆಕ್ಚರ್' (2014). ಕಲ್ಯಾಣ, ವಾರಂಗಲ್, ರಾಯಚೂರು ಮೂರರ ಕೋಟೆ-ಗುಡಿ-ಬಾಗಿಲುಗಳ ಅಧ್ಯಯನ. ದುಬಾರಿ ಪುಸ್ತಕ, ಗ್ರಂಥಾಲಯದಲ್ಲಿ ಸಿಕ್ಕರೆ ರಾಯಚೂರಿನ ಭಾಗವನ್ನಷ್ಟೇ ಓದಿದರೂ ಸಾಕು. ಓದಿದ ಮೇಲೆ ಕೋಟೆಗೆ ಹೋಗಿ 1294ರ ಶಾಸನವಿರುವ ನಲವತ್ತು ಅಡಿಗೂ ಉದ್ದದ ಆ ಒಂದೇ ಕಲ್ಲನ್ನು ನೋಡಿ. ಅಷ್ಟು ದೊಡ್ಡ ಕಲ್ಲನ್ನು ಗಾಡಿಗೆ ಹೇರಿ ಎಳೆದು ತಂದ ಚಿತ್ರವನ್ನೂ ಅಲ್ಲೇ ಕೆತ್ತಿದ್ದಾರೆ. ಶಾಸನದ ಭಾಷೆ ತೆಲುಗು. ಬೆಳಗ್ಗೆ ಎಂಟರೊಳಗೆ ಹೋಗಿ. ಓರೆ ಬಿಸಿಲಿಗೆ ಕೆತ್ತನೆ ಎದ್ದು ಕಾಣುತ್ತದೆ, ನಡು ಮಧ್ಯಾಹ್ನ ಕಲ್ಲು ಬರೀ ಕಲ್ಲು.

ನೂನಿಜ್ ಓದಿದ ಬೆನ್ನಿಗೆ ವಸುಧೇಂದ್ರರ 'ತೇಜೋ ತುಂಗಭದ್ರಾ' (2019) ಹಿಡಿದರೆ ಆ ಕಾದಂಬರಿಯ ಅರ್ಧ ಭಾರ ಹಗುರ. ಸಂಡೂರಲ್ಲಿ ಹುಟ್ಟಿದವರು ಲಿಸ್ಬನ್ನಿನ ತೇಜೋ ನದಿಯನ್ನೂ ನಮ್ಮ ಹೊಳೆಯನ್ನೂ ಒಂದೇ ಕತೆಗೆ ಕಟ್ಟಿದ್ದಾರೆ. ಅಲ್ಲಿ ಗೇಬ್ರಿಯಲ್ ಮತ್ತು ಬೆಲ್ಲಾ, ಇಲ್ಲಿ ತೆಂಬಕಪುರದ ಹಂಪಮ್ಮ ಮತ್ತು ಕೇಶವ. ಕತೆ ಹೇಳಿ ಕೆಡಿಸುವುದಿಲ್ಲ. ಮೊದಲ ಭಾಗದಲ್ಲಿ ಬಹಳ ಜನ ನಿಂತುಬಿಡುತ್ತಾರೆ, ಕಾರಣ ಲಿಸ್ಬನ್ನಿನ ಊಟ, ಬೀದಿ, ಹೆಸರು ಎಲ್ಲ ಒಮ್ಮೆಗೇ ಬರುತ್ತವೆ. ಹಂಪಿ ಯಾವಾಗ ಬರುತ್ತದೆ ಎಂದು ಕಾಯುತ್ತಾ ಓದಬೇಡಿ. ಅಲ್ಲಿ ಯಹೂದಿಗಳಿಗೆ ಆಗುವುದನ್ನೂ ಇಲ್ಲಿ ಸತಿ ಹೋಗುವವರಿಗೆ, ಲೆಂಕರಿಗೆ ಆಗುವುದನ್ನೂ ಪಕ್ಕಪಕ್ಕ ಇಟ್ಟು ನೋಡಿದಾಗಲೇ ಪುಸ್ತಕ ಕೂಡುತ್ತದೆ. ಲೆಂಕ ಅಂದರೆ ಒಡೆಯನಿಗಾಗಿ ಪ್ರಾಣ ಕೊಡುವುದಾಗಿ ಹರಕೆ ಹೊತ್ತವನು; ಊರ ಹೊರಗಿನ ವೀರಗಲ್ಲುಗಳ ಮುಂದೆ ದಿನಾ ಹಾಯ್ದು ಹೋಗುವವರಿಗೆ ಈ ಭಾಗ ಓದಿದ ಮೇಲೆ ಆ ಕಲ್ಲುಗಳು ಸುಮ್ಮನಿರುವುದಿಲ್ಲ. ನನ್ನ ತಕರಾರು ಒಂದೇ: ಕೆಲವು ಕಡೆ ಕಾಕತಾಳೀಯ ಸ್ವಲ್ಪ ಜಾಸ್ತಿಯಾಯಿತು. ಆದರೂ ಕೊನೆಯ ನೂರು ಪುಟ ಕೈಯಿಂದ ಇಳಿಸಲಾಗುವುದಿಲ್ಲ.

ಕುಂ. ವೀರಭದ್ರಪ್ಪನವರ ವಿಷಯಕ್ಕೆ ಬಂದರೆ ಕ್ರಮ ತಪ್ಪಿಸುವ ಹಾಗೇ ಇಲ್ಲ. ಪ್ರಶಸ್ತಿ ಬಂದ ಪುಸ್ತಕ ಎಂದು 'ಅರಮನೆ'ಯನ್ನೇ (ಕೇಂದ್ರ ಸಾಹಿತ್ಯ ಅಕಾಡೆಮಿ, 2007) ಮೊದಲು ಕೊಂಡು, ಇಪ್ಪತ್ತು ಪುಟಕ್ಕೆ ಸುಸ್ತಾಗಿ, ಇನ್ನು ಕುಂವೀ ಬೇಡ ಎನ್ನುವವರು ಊರಿಗೊಬ್ಬರಿದ್ದಾರೆ. ಮೊದಲು ಅವರ ಆತ್ಮಕಥೆ 'ಗಾಂಧಿ ಕ್ಲಾಸು' ಓದಿ. ಹೆಸರೇ ಟೆಂಟ್ ಸಿನೆಮಾದ ನೆಲದ ಟಿಕೆಟ್ಟಿನದು. ಅದರಲ್ಲಿ ಅವರ ದನಿ ಕಿವಿಗೆ ಹಿಡಿಯುತ್ತದೆ: ಎಲ್ಲಿ ನಗಿಸುತ್ತಾರೆ, ಎಲ್ಲಿ ಬೈಯುತ್ತಾರೆ, ಬಡತನದ ಮಾತು ಹೇಳುವಾಗ ಯಾಕೆ ಬೇಕೆಂದೇ ಹೆಚ್ಚು ಹಾಸ್ಯ ಮಾಡುತ್ತಾರೆ. ಆ ದನಿ ಹಿಡಿದ ಮೇಲೆ 'ಅರಮನೆ'.

'ಅರಮನೆ' ನಡೆಯುವುದು ಕಂಪನಿ ಸರಕಾರ ಈ ಕಡೆ ಕಾಲಿಟ್ಟ ಕಾಲಕ್ಕೆ. 1800ರಲ್ಲಿ ನಿಜಾಮ ಬಳ್ಳಾರಿ, ಕಡಪ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟ. ಅದಕ್ಕೇ ಹಳೆ ದಾಖಲೆಗಳಲ್ಲಿ ಇದು ದತ್ತ ಮಂಡಲ. 1800ರಿಂದ 1807ರವರೆಗೆ ಥಾಮಸ್ ಮನ್ರೋ ಇದರ ಪ್ರಧಾನ ಕಲೆಕ್ಟರ್. ಪಾಳೇಗಾರರನ್ನು ಇಳಿಸಿ, ರೈತನ ಹೆಸರಿಗೇ ಕಂದಾಯ ಕಟ್ಟಿದವನು. ಇಷ್ಟು ಗೊತ್ತಿದ್ದರೆ ಸಾಕು, ಇನ್ನು ಚರಿತ್ರೆ ಹುಡುಕಬೇಡಿ. ಕಾದಂಬರಿ ಚರಿತ್ರೆಯನ್ನು ಜಾತ್ರೆ ಮಾಡಿಬಿಡುತ್ತದೆ.

ತೊಡಕು ಎರಡು ಕಡೆ. ವಾಕ್ಯ ನಿಲ್ಲುವುದೇ ಇಲ್ಲ, ಒಂದೊಂದು ಅರ್ಧ ಪುಟ. ಮತ್ತೆ ಅಕ್ಷರ, ಬಾಯಲ್ಲಿ ಬಂದ ಹಾಗೇ ಬರೆದದ್ದು. ಕಣ್ಣಲ್ಲಿ ಓದಿದರೆ ಪ್ರತಿ ಪದಕ್ಕೂ ಎಡವುತ್ತೀರಿ, ಯಾಕೆಂದರೆ ಕಣ್ಣು ಶಾಲೆಯ ಕಾಗುಣಿತ ಹುಡುಕುತ್ತದೆ. ಬಾಯಿಬಿಟ್ಟು ಓದಿ. ಶಬ್ದದ ಮೊದಲಿಗೆ ಅನಗತ್ಯ ಯಕಾರ, ವಕಾರ ಕಂಡರೆ ಬಾಯಿ ತಾನೇ ಅದನ್ನು ಇ, ಒ ಮಾಡಿಕೊಳ್ಳುತ್ತದೆ. ದಿನಕ್ಕೆ ಹತ್ತು ಪುಟ, ಜೋರಾಗಿ. ಮೂರನೇ ದಿನಕ್ಕೆ ಬುರ್ರಕಥೆಯವರ ಓಟ ಕೇಳಿಸತೊಡಗುತ್ತದೆ, ಉಸಿರು ಎಲ್ಲಿ ಎಳೆದುಕೊಳ್ಳಬೇಕು ಎಂಬುದೇ ಅಲ್ಲಿ ಅಲ್ಪವಿರಾಮ. ದರೋಜಿ ಈರಮ್ಮ ಹಾಡಿದ ಕುಮಾರರಾಮನ ಕತೆ ಕೇಳಿದವರಿಗೆ ಈ ಮಾತು ಬೇಗ ಹಿಡಿಯುತ್ತದೆ. ತೆಲುಗು ಮಾತು ಬಂದ ಕಡೆ ಅರ್ಥ ಕೇಳಲು ನಿಲ್ಲಬೇಡಿ, ಎರಡು ಸಾಲು ಮುಂದೆ ಅದೇ ತಿಳಿಯುತ್ತದೆ.

ದಪ್ಪ ಪುಸ್ತಕದ ಮಾತು ಬಂತಲ್ಲ, ನಮ್ಮ ಬಿಸಿಲಿಗೆ ಬೈಂಡಿಂಗ್ ಕಿತ್ತು ಬರುವುದರ ಬಗ್ಗೆಯೂ ಹೇಳಿಬಿಡುತ್ತೇನೆ. ಈಗಿನ ಬಹುತೇಕ ಪುಸ್ತಕಕ್ಕೆ ಹೊಲಿಗೆ ಇರುವುದಿಲ್ಲ, ಬೆನ್ನಿಗೆ ಬಿಸಿ ಅಂಟು ಮಾತ್ರ. ಆ ಅಂಟು ಕಾರಿನ ಗಾಜಿನಡಿ, ಸ್ಕೂಟರ್ ಡಿಕ್ಕಿಯಲ್ಲಿ ಮೆತ್ತಗಾಗಿ, ಆರಿದ ಮೇಲೆ ಗಡುಸಾಗುತ್ತದೆ. ನಾಲ್ಕು ಸಲ ಹೀಗಾದರೆ ನಡುವೆ ಸೀಳುತ್ತದೆ. ಹೊಸ ಪುಸ್ತಕವನ್ನು ಮೇಜಿನ ಮೇಲೆ ಬೆನ್ನು ಕೆಳಗಾಗಿ ನಿಲ್ಲಿಸಿ, ಮುಂದಿನ ರಟ್ಟು ಒಂದು, ಹಿಂದಿನ ರಟ್ಟು ಒಂದು ಮಲಗಿಸಿ, ಆಮೇಲೆ ಎರಡೂ ಕಡೆಯಿಂದ ಇಪ್ಪತ್ತಿಪ್ಪತ್ತು ಹಾಳೆ ಸರದಿ ಮೇಲೆ ಬಿಡಿಸಿ ಬೆರಳಿಂದ ಸವರುತ್ತಾ ನಡುವಿಗೆ ಬನ್ನಿ. ನಡುವಿನಿಂದ ಒಮ್ಮೆಲೇ ಅಗಲಿಸಿದರೆ ಅಲ್ಲೇ ಸೀಳು. ಪಡುವಣ ಗೋಡೆಗೆ ಕಪಾಟು ಬೇಡ, ಸಂಜೆತನಕ ಕಾಯ್ದ ಗೋಡೆ ರಾತ್ರಿಯಿಡೀ ಶಾಖ ಬಿಡುತ್ತದೆ. ಯಾವ ಗೋಡೆಯಾದರೂ ನಾಲ್ಕು ಬೆರಳು ಜಾಗ ಬಿಡಿ; ಗೆದ್ದಲು ಗೋಡೆಯಿಂದಲೇ ಕಪಾಟಿಗೆ ದಾಟುವುದು. ಬೇವಿನೆಲೆ ಇಡುವವರು ಪೂರ್ತಿ ಒಣಗಿಸಿ ಇಡಬೇಕು, ಹಸಿ ಎಲೆ ಹಾಕಿದರೆ ಹುಳದ ಬದಲು ಬೂಷ್ಟು.

ಈಗ ಉರ್ದುವಿನ ಪಕ್ಕಕ್ಕೆ. ಕನ್ನಡದಲ್ಲಿ ಗಜಲ್ ಬೇರುಬಿಟ್ಟ ಊರು ರಾಯಚೂರು. ಹೆಂಬೆರಾಳಿನ ಶಾಂತರಸರು (2006ರ ಬೀದರ್ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರು) ಬರೆದ 'ಗಜಲ್ ಮತ್ತು ಬಿಡಿ ದ್ವಿಪದಿ', ಅವರ ಮಗಳು ಎಚ್.ಎಸ್. ಮುಕ್ತಾಯಕ್ಕನವರ 'ನಲವತ್ತು ಗಜಲುಗಳು', ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದುವುದೇ ಚಂದ. ತಂದೆಯದರಲ್ಲಿ ನಿಯಮ ತಿಳಿಯುತ್ತದೆ, ಮಗಳದರಲ್ಲಿ ನಿಯಮ ಮರೆತುಹೋಗುತ್ತದೆ.

ಆದರೂ ನಿಯಮ ಗೊತ್ತಿಲ್ಲದೆ ಓದಿದರೆ ಗಜಲ್ ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವ ಭಾವಗೀತೆಯಂತೆ ಕಾಣುತ್ತದೆ. ಬಿಡಿಸಿ ನೋಡೋಣ. ಉದಾಹರಣೆಗೆಂದೇ ಇಲ್ಲಿ ಕಟ್ಟಿದ ನಾಲ್ಕು ಸಾಲು:

ಮರಳಿನಲಿ ಹೆಸರು ಬರೆವೆಯಾ ನೀನು
ನದಿಯಾಚೆ ನಿಂತು ಕರೆವೆಯಾ ನೀನು

ಬತ್ತಿದ ಬಾವಿಗೆ ಹಗ್ಗವ ಬಿಟ್ಟೆನು
ನೀರಿನ ದನಿಯನು ಮರೆವೆಯಾ ನೀನು

ಕೊನೆಗೆ ಬದಲಾಗದೆ ಬರುವ 'ನೀನು' ರದೀಫ್. ಅದರ ಹಿಂದೆ ಪ್ರಾಸ ಹಿಡಿಯುವ ಬರೆವೆಯಾ, ಕರೆವೆಯಾ, ಮರೆವೆಯಾ ಕಾಫಿಯಾ. ಮೊದಲ ದ್ವಿಪದಿಯ ಎರಡೂ ಸಾಲಿನಲ್ಲಿ ಇವೆರಡೂ ಬರಬೇಕು, ಅದು ಮತ್ಲಾ. ಆಮೇಲಿನ ಪ್ರತಿ ಶೇರಿನಲ್ಲಿ, ಅಂದರೆ ದ್ವಿಪದಿಯಲ್ಲಿ, ಎರಡನೇ ಸಾಲಿಗೆ ಮಾತ್ರ. ಸಾಲಿಗೆ ಮಾತ್ರೆ ಒಂದೇ ಸಮ ಇರಬೇಕು, ಇಲ್ಲಿ ಹದಿನಾರು. ಕವಿಯ ಅಂಕಿತ ಬರುವ ಕೊನೆಯ ಶೇರ್ ಮಕ್ತಾ. ಕಡಿಮೆಯೆಂದರೆ ಐದು ಶೇರ್ ಇರುವುದು ವಾಡಿಕೆ. ಒಂದೊಂದು ಶೇರ್ ತನ್ನಷ್ಟಕ್ಕೆ ಪೂರ್ತಿ: ಮೇಲಿನದರಲ್ಲಿ ಹೊಳೆ, ಕೆಳಗಿನದರಲ್ಲಿ ಬಾವಿ, ಎರಡಕ್ಕೂ ನಂಟು ಬೇಕಿಲ್ಲ. ಮೊದಲ ಸಾಲು ಓದಿ ಒಂದು ಕ್ಷಣ ನಿಲ್ಲಿ. ಮುಶಾಯಿರಾದಲ್ಲಿ, ಅಂದರೆ ಉರ್ದು ಕವಿಗೋಷ್ಠಿಯಲ್ಲಿ, ಆ ಸಾಲನ್ನು ಎರಡು ಸಲ ಹೇಳುವುದೇ ಎರಡನೇ ಸಾಲಿಗೆ ಕಾಯಿಸುವುದಕ್ಕೆ. ಕಾಯದೆ ಓದಿದರೆ ಗಜಲ್ ಸಪ್ಪೆ.

ಕನ್ನಡಕ್ಕೆ ಇದು ಸುಲಭವಾಗಿ ಒಗ್ಗಲು ಒಂದು ಕಾರಣ ಉರ್ದುವಿನಂತೆ ನಮ್ಮಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುವುದು. ಕಾಫಿಯಾ, ರದೀಫ್ ತಾವಾಗಿ ಬಾಲಕ್ಕೆ ಸೇರುತ್ತವೆ. ಅಪಾಯವೂ ಅಲ್ಲೇ ಇದೆ. ಇದೆ, ಇದೆ, ಇದೆ ಎಂದು ರದೀಫ್ ಹಾಕಿ ಪುಟ ತುಂಬಿಸುವ ಗಜಲ್ ಸಂಕಲನಗಳು ಈಗ ಬಹಳ. ಪರೀಕ್ಷೆ ಸರಳ: ರದೀಫನ್ನು ಬೆರಳಿಂದ ಮುಚ್ಚಿ ಓದಿ. ಸಾಲಿನ ಅರ್ಥ ಹಾಗೇ ನಿಂತರೆ ರದೀಫ್ ಅಲಂಕಾರಕ್ಕಷ್ಟೇ ಬಂದದ್ದು, ಸಾಲು ಕುಸಿದರೆ ಗಟ್ಟಿ ಗಜಲ್.

ರಹಮತ್ ತರೀಕೆರೆಯವರ 'ಕರ್ನಾಟಕದ ಮೊಹರಂ' ಮುದಗಲ್ಲಿನ ಹಬ್ಬಕ್ಕೆ ಹೋಗುವ ಮೊದಲು ಓದಬೇಕಾದದ್ದು. ಅಲಾಯಿ ಕುಣಿ, ಪಂಜಾ, ಹುಲಿವೇಷ ಎಲ್ಲ ನೋಡಿದ್ದೇ. ಆದರೆ ಕರ್ಬಲದ ಕತೆಯನ್ನು ಕನ್ನಡದಲ್ಲಿ ಹಾಡುವ ರಿವಾಯತ್ ಪದಗಳನ್ನು ಯಾರು ಕಟ್ಟಿದರು, ಯಾರು ಹಾಡುತ್ತಾರೆ ಎಂಬುದು ಕೂತು ಓದಿದರೇ ತಿಳಿಯುವುದು. ಮೊಹರಮ್ಮಿನಲ್ಲಿ ನಾವು ಕತ್ತಲರಾತ್ರಿ ಅನ್ನುವುದು ಕತ್ತಲೆಯಿಂದ ಬಂದದ್ದಲ್ಲ, ಕೊಲೆ ಎಂಬರ್ಥದ ಅರಬ್ಬಿಯ 'ಖತ್ಲ್'. ಕನ್ನಡದ ಕಿವಿ ಅದನ್ನು ಕತ್ತಲು ಮಾಡಿಕೊಂಡಿತು, ಅರ್ಥವೇನೂ ಕೆಡಲಿಲ್ಲ.

ಮಾನವಿಯ ಜಗನ್ನಾಥದಾಸರ 'ಹರಿಕಥಾಮೃತಸಾರ'ವನ್ನು ಪಾರಾಯಣದ ಪುಸ್ತಕ ಎಂದು ಪಕ್ಕಕ್ಕಿಡುವವರಿಗೂ ಒಂದು ಮಾತು. ಇರುವುದು 32 ಸಂಧಿ, ಎಲ್ಲ ಭಾಮಿನಿ ಷಟ್ಪದಿ. ಮಂಗಳಾಚರಣೆ ದಾಟಿ ಕರುಣಾ ಸಂಧಿಯಿಂದ ಹಿಡಿಯಿರಿ. ಅರ್ಥ ಆಮೇಲೆ, ಮೊದಲು ಬೆರಳಲ್ಲಿ ತಾಳ: ಶ್ರವಣ / ಮನಕಾ / ನಂದ / ವೀವುದು. ಮೂರು, ನಾಲ್ಕು, ಮೂರು, ನಾಲ್ಕು. ಒಂದು, ಎರಡು, ನಾಲ್ಕು, ಐದನೇ ಸಾಲುಗಳು ಹೀಗೆ ಹದಿನಾಲ್ಕು ಮಾತ್ರೆ. ಮೂರು ಮತ್ತು ಆರನೆಯದು ಇದರ ಒಂದೂವರೆ ಪಟ್ಟು, ಕೊನೆಗೊಂದು ಗುರು, ಒಟ್ಟು ಇಪ್ಪತ್ಮೂರು. ಉದ್ದ ಸಾಲಿಗೆ ಬಂದಾಗ ಉಸಿರು ಸಾಲದಿದ್ದರೆ ಮೊದಲ ಎರಡು ಸಾಲನ್ನು ತೀರಾ ನಿಧಾನ ಹೇಳಿದ್ದೀರಿ ಎಂದರ್ಥ. ಸಂಸ್ಕೃತ ಪದ ದಟ್ಟವಾಗಿರುವ ತತ್ವದ ಸಂಧಿಗಳಿಗೆ ಟೀಕೆ (ಅರ್ಥವಿವರಣೆ) ಇರುವ ಪ್ರತಿಯೇ ಬೇಕು, ಬರೀ ಮೂಲ ಕೊಂಡರೆ ಅಲ್ಲಿ ಸಿಕ್ಕಿಬೀಳುತ್ತೀರಿ.

ನಗಲಿಕ್ಕೆ ಬೀಚಿ. 'ನನ್ನ ಭಯಾಗ್ರಫಿ', ಹೆಸರಲ್ಲೇ ಇಂಗ್ಲಿಷನ್ನು ಭಯಕ್ಕೆ ಕಟ್ಟಿದ ಪುಸ್ತಕ. ಹುಟ್ಟಿದ್ದು 1913ರಲ್ಲಿ ಹರಪನಹಳ್ಳಿಯಲ್ಲಿ. ಆ ತಾಲ್ಲೂಕು ಬಳ್ಳಾರಿಯಿಂದ 1997ರಲ್ಲಿ ದಾವಣಗೆರೆಗೆ, 2018ರಲ್ಲಿ ತಿರುಗಿ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಬೀಚಿ ಇದ್ದಿದ್ದರೆ ಅವರ ನಗೆಪಾತ್ರ ತಿಮ್ಮನ ಬಾಯಲ್ಲಿ ಇದಕ್ಕೊಂದು ಪುಟ ಸಿಗುತ್ತಿತ್ತು. ಗ್ರಂಥಾಲಯದಲ್ಲಿ ಜಿಲ್ಲಾವಾರು ಲೇಖಕರ ಪಟ್ಟಿ ನೋಡುವವರು ಮೂರೂ ಜಿಲ್ಲೆಯಲ್ಲಿ ಹುಡುಕಬೇಕು. ಒಮ್ಮೆಗೆ ನಲವತ್ತು ಪುಟದ ಮೇಲೆ ಓದಬೇಡಿ, ಶ್ಲೇಷೆ ಒಂದರ ಮೇಲೊಂದು ಬಿದ್ದು ರುಚಿ ಕೆಡುತ್ತದೆ. ಅಂದಹಾಗೆ, ಗ್ರಂಥಾಲಯಕ್ಕೆ ಹೋಗಿ ಪುಸ್ತಕ ಕೇಳುವುದಕ್ಕೆ ಸಂಕೋಚ ಬೇಡ. ಆಸ್ತಿ ತೆರಿಗೆಯ ಚಲನ್ ತೆಗೆದು ನೋಡಿ, ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟಿರುತ್ತೀರಿ.

ಕೊನೆಗೆ ಅಮರೇಶ ನುಗಡೋಣಿಯವರ ಕತೆ 'ಸವಾರಿ'. ಒಂದು ಸಂಜೆಗೆ ಮುಗಿಯುತ್ತದೆ. ಇದನ್ನೇ ಆಧರಿಸಿ ಗಿರೀಶ ಕಾಸರವಳ್ಳಿ 2010ರಲ್ಲಿ 'ಕನಸೆಂಬ ಕುದುರೆಯನೇರಿ' ಮಾಡಿದರು. ಸಿನೆಮಾ ಮೊದಲು ನೋಡಿದರೆ ಕುಣಿ ತೋಡುವ ಈರ್ಯನ ಮುಖ ನಟನ ಮುಖವಾಗಿ ಕೂತುಬಿಡುತ್ತದೆ, ಆಮೇಲೆ ಅಳಿಸಲಾಗುವುದಿಲ್ಲ. ಕತೆ ಓದಿ, ಎರಡು ದಿನ ಬಿಟ್ಟು ಸಿನೆಮಾ ನೋಡಿ.